ಶಾಲೆಗೆ ಹೋಗದವರ ಪ್ರಯೋಗಶಾಲೆ

ಮನೆಯಲ್ಲೇ ಓದುವ ಹೈಸ್ಕೂಲ್ ಮತ್ತು ಪಿಯುಸಿ ವಯಸ್ಸಿನ ಮಕ್ಕಳಿಗೆ ಜೀವಶಾಸ್ತ್ರದ ಪಾಠ ದೊಡ್ಡ ಸಮಸ್ಯೆಯಲ್ಲ. ಪುಸ್ತಕ ಸಿಗುತ್ತದೆ, ವಿಡಿಯೊ ಸಿಗುತ್ತದೆ, ಹೇಳಿಕೊಡುವವರೂ ಸಿಗುತ್ತಾರೆ. ತೊಡಕಾಗುವುದು ಪ್ರಯೋಗ. ಸೂಕ್ಷ್ಮದರ್ಶಕ ಎಲ್ಲಿಂದ ತರುವುದು, ಬಣ್ಣದ ದ್ರಾವಣ ಯಾರು ಕೊಡುತ್ತಾರೆ, ಸ್ಲೈಡಿನಲ್ಲಿ ಕಂಡದ್ದು ಜೀವಕೋಶವೋ ಗಾಳಿಗುಳ್ಳೆಯೋ ಎಂದು ಯಾರನ್ನು ಕೇಳುವುದು? ಹೀಗಾಗಿ ಎಷ್ಟೋ ಮನೆಗಳಲ್ಲಿ ಪ್ರಯೋಗದ ಭಾಗವನ್ನು ಪರೀಕ್ಷೆಗೆ ಒಂದು ವಾರ ಇದ್ದಾಗ ನೋಡಿಕೊಳ್ಳೋಣ ಎಂದು ಬದಿಗಿಡುತ್ತಾರೆ. ಜೀವಶಾಸ್ತ್ರದ ಮಟ್ಟಿಗೆ ಇದು ತಲೆಕೆಳಗಾದ ಕ್ರಮ. ಮನೆಯಲ್ಲಿ ಓದುವವರ ಕೈಯಲ್ಲಿ ಶಾಲೆಯ ಮಕ್ಕಳಿಗೆ ಸಿಗದ ಒಂದು ಅನುಕೂಲವಿದೆ: ಸಮಯ. ಮುಕ್ಕಾಲು ಗಂಟೆಯ ಪೀರಿಯಡ್ಡಿನಲ್ಲಿ ಬೀಜ ಮೊಳೆಯುವುದಿಲ್ಲ, ಹುಳು ಚಿಟ್ಟೆಯಾಗುವುದಿಲ್ಲ. ಮನೆಯಲ್ಲಿ ಇವೆರಡೂ ಆಗುತ್ತವೆ, ಅದೂ ಕಣ್ಣೆದುರಿಗೇ.

ಕಾನೂನಿನ ಸ್ಥಿತಿಯನ್ನು ಮೊದಲು ನೋಡಬಹುದು. 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳಿಗೆ ಸಂಬಂಧಿಸಿದ್ದು. ಮನೆಶಿಕ್ಷಣವನ್ನು ಅದು ಹೆಸರಿಸಿ ಒಪ್ಪಿಯೂ ಇಲ್ಲ, ನಿಷೇಧಿಸಿಯೂ ಇಲ್ಲ. ಹೈಸ್ಕೂಲಿನ ಕೊನೆ ಮತ್ತು ಪಿಯುಸಿ ಹಂತದ ಮಕ್ಕಳು ಹೇಗೂ ಆ ವಯಸ್ಸನ್ನು ದಾಟಿರುತ್ತಾರೆ. ಅವರಲ್ಲಿ ಬಹಳಷ್ಟು ಮಂದಿ ಹಿಡಿಯುವ ದಾರಿ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆ, ಅಂದರೆ ಎನ್‌ಐಒಎಸ್. 1979ರಲ್ಲಿ ಸಿಬಿಎಸ್‌ಇಯ ಒಂದು ಯೋಜನೆಯಾಗಿ ಹುಟ್ಟಿ, 1989ರಲ್ಲಿ ಸ್ವತಂತ್ರ ಸಂಸ್ಥೆಯಾದ ಇದಕ್ಕೆ ಬೆಂಗಳೂರಿನಲ್ಲೂ ಪ್ರಾದೇಶಿಕ ಕೇಂದ್ರವಿದೆ. 14 ತುಂಬಿದವರು ಹತ್ತನೆಯ ತರಗತಿಗೆ, 15 ತುಂಬಿದವರು ಹನ್ನೆರಡನೆಯದಕ್ಕೆ ಹೆಸರು ನೋಂದಾಯಿಸಬಹುದು. ಹನ್ನೆರಡನೆಯ ತರಗತಿಯ ಜೀವಶಾಸ್ತ್ರದಲ್ಲಿ 80 ಅಂಕ ಲಿಖಿತ ಪರೀಕ್ಷೆಗೆ, 20 ಅಂಕ ಪ್ರಾಯೋಗಿಕ ಪರೀಕ್ಷೆಗೆ. ಎರಡರಲ್ಲೂ ಬೇರೆ ಬೇರೆಯಾಗಿ ಪಾಸಾಗಬೇಕು. ಪ್ರಾಯೋಗಿಕ ತರಬೇತಿ ಮತ್ತು ಪರೀಕ್ಷೆ ನಡೆಯುವುದು ಸಂಸ್ಥೆ ಮಾನ್ಯತೆ ಕೊಟ್ಟ ಅಧ್ಯಯನ ಕೇಂದ್ರಗಳಲ್ಲಿ.

ಇನ್ನು ಕೆಲವರು ಕೇಂಬ್ರಿಜ್ ಮಂಡಳಿಯ ಐಜಿಸಿಎಸ್‌ಇ ಪರೀಕ್ಷೆಗೆ ಖಾಸಗಿಯಾಗಿ ಕೂರುತ್ತಾರೆ. ಅಲ್ಲಿ ಪ್ರಯೋಗಾಲಯಕ್ಕೆ ಹೋಗಲಾಗದವರಿಗೆಂದೇ ಒಂದು ಬದಲಿ ಪ್ರಶ್ನೆಪತ್ರಿಕೆ ಇದೆ. ಒಂದು ಗಂಟೆಯ, 40 ಅಂಕಗಳ ಈ ಪತ್ರಿಕೆಯಲ್ಲಿ ಪ್ರಯೋಗವೊಂದರ ಚಿತ್ರ ಕೊಟ್ಟು, ಅಳತೆ ಓದಿಸಿ, ತಪ್ಪೆಲ್ಲಿದೆ ಎಂದು ಕೇಳುತ್ತಾರೆ. ಪ್ರಯೋಗವನ್ನೇ ಮಾಡದೆ ಇದನ್ನು ಬರೆಯಬಹುದು ಎಂಬ ನಂಬಿಕೆ ಹರಡಿದೆ. ಕೈಯಾರೆ ಮಾಡಿದವರಿಗೂ ಮಾಡದವರಿಗೂ ಇರುವ ವ್ಯತ್ಯಾಸ ಅದೇ ಪತ್ರಿಕೆಯಲ್ಲಿ ಬೇಗ ಬಯಲಾಗುತ್ತದೆ. ಮುಂದೆ ಎ ಲೆವೆಲ್‌ಗೆ ಹೋದರೆ ಈ ಬದಲಿ ದಾರಿ ಇಲ್ಲ, ಲ್ಯಾಬಿನಲ್ಲಿ ಕೂತೇ ಪರೀಕ್ಷೆ ಬರೆಯಬೇಕು. ಖಾಸಗಿ ಅಭ್ಯರ್ಥಿಗಳನ್ನು ಅದಕ್ಕೆ ಸೇರಿಸಿಕೊಳ್ಳುವ ಕೇಂದ್ರವನ್ನು ಹುಡುಕುವುದೇ ಒಂದು ದೊಡ್ಡ ಕೆಲಸ.

ಪ್ರಯೋಗದ ಪ್ರಶ್ನೆ ನ್ಯಾಯಾಲಯದವರೆಗೂ ಹೋದದ್ದುಂಟು. 2018ರಲ್ಲಿ ವೈದ್ಯಕೀಯ ಪ್ರವೇಶದ ನಿಯಮಕ್ಕೆ ಸೇರಿಸಿದ ಒಂದು ಷರತ್ತು ಮುಕ್ತ ಶಾಲೆಯಲ್ಲಿ ಓದಿದವರನ್ನೂ ಖಾಸಗಿ ಅಭ್ಯರ್ಥಿಗಳನ್ನೂ ನೀಟ್ ಪರೀಕ್ಷೆಯಿಂದ ಹೊರಗಿಟ್ಟಿತು. ಅದೇ ವರ್ಷ ದೆಹಲಿ ಹೈಕೋರ್ಟ್ ಆ ಷರತ್ತನ್ನು ರದ್ದು ಮಾಡಿತು. 2024ರಲ್ಲಿ ಸುಪ್ರೀಂ ಕೋರ್ಟಿನಲ್ಲೂ ಮುಕ್ತ ಶಾಲೆಯವರ ಪರವಾಗಿಯೇ ವಿಷಯ ಇತ್ಯರ್ಥವಾಯಿತು. ಬಾಗಿಲು ತೆರೆದಿದೆ. ಆದರೆ ಮನೆಯಲ್ಲಿ ಓದಿದವರಿಗೆ ಪ್ರಯೋಗದ ಅನುಭವ ಕಡಿಮೆ ಎಂಬ ಸಂಶಯ ಇನ್ನೂ ಅಲ್ಲಲ್ಲಿ ಉಳಿದಿದೆ, ಅದನ್ನು ಹೋಗಲಾಡಿಸಬೇಕಾದದ್ದು ಕೆಲಸದಿಂದಲೇ.

ಶಾಲೆಯ ಪ್ರಯೋಗಗಳ ಪಟ್ಟಿ ಇಂದಿನ ರೂಪಕ್ಕೆ ಬಂದದ್ದಕ್ಕೆ ಒಂದು ಚರಿತ್ರೆ ಇದೆ. ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ಜೀವಶಾಸ್ತ್ರವೆಂದರೆ ಬಹುಪಾಲು ಉಪನ್ಯಾಸವೇ ಆಗಿತ್ತು. ಡಾರ್ವಿನ್ನನ ವಾದಕ್ಕೆ ಬೆನ್ನೆಲುಬಾಗಿ ನಿಂತ ಥಾಮಸ್ ಹೆನ್ರಿ ಹಕ್ಸ್‌ಲಿ 1870ರ ದಶಕದ ಆರಂಭದಲ್ಲಿ ಲಂಡನ್ನಿನ ಸೌತ್ ಕೆನ್ಸಿಂಗ್ಟನ್‌ನಲ್ಲಿ ಶಾಲಾ ಶಿಕ್ಷಕರನ್ನು ಕೂರಿಸಿಕೊಂಡು, ಬೆಳಿಗ್ಗೆ ಹೇಳಿದ್ದನ್ನು ಅಂದೇ ಸೂಕ್ಷ್ಮದರ್ಶಕದಲ್ಲಿ ತೋರಿಸುವ, ಕೊಯ್ದು ನೋಡಿಸುವ ಪದ್ಧತಿ ತಂದ. ಆ ಪಾಠಗಳು 1875ರಲ್ಲಿ ಪುಸ್ತಕವಾದವು. ಯೀಸ್ಟ್, ಬೂಷ್ಟು, ಅಮೀಬಾ, ಕಪ್ಪೆ ಎಂದು ಕೆಲವೇ ಮಾದರಿ ಜೀವಿಗಳನ್ನು ಒಂದಾದ ಮೇಲೊಂದರಂತೆ ನೋಡುವ ಕ್ರಮ ಅಲ್ಲಿಂದ ಬ್ರಿಟಿಷರ ಆಳ್ವಿಕೆಯ ಕಾಲೇಜುಗಳಿಗೂ ಹಬ್ಬಿತು. ಇಂದಿನ ರೆಕಾರ್ಡ್ ಬುಕ್ಕಿನ ಬೇರು ಇರುವುದು ಇಲ್ಲಿ. ಹಕ್ಸ್‌ಲಿಯ ಉದ್ದೇಶ ವಿದ್ಯಾರ್ಥಿ ಸ್ವತಃ ನೋಡಲಿ ಎಂಬುದಾಗಿತ್ತು. ರೆಕಾರ್ಡ್ ಬುಕ್ಕು ಕ್ರಮೇಣ ಪುಸ್ತಕದ ಚಿತ್ರವನ್ನು ಅಂದವಾಗಿ ನಕಲು ಮಾಡುವ ಅಭ್ಯಾಸವಾಗಿ ಉಳಿದುಕೊಂಡದ್ದು ದುರದೃಷ್ಟ.

ಮನೆಯಲ್ಲಿ ಪ್ರಯೋಗ ಶುರುಮಾಡುವವರು ಹಣ ಹಾಕಬೇಕಾದ ಮೊದಲ ವಸ್ತು ಸೂಕ್ಷ್ಮದರ್ಶಕ. ಗಾಜಿನ ಬೀಕರು, ಪರೀಕ್ಷಾನಾಳ, ಬಣ್ಣಬಣ್ಣದ ದ್ರಾವಣಗಳ ಪೆಟ್ಟಿಗೆ ಇವೆಲ್ಲ ಆಮೇಲೆ. ಉಕ್ಕಿನ ಲೋಟ, ಜಾಮ್ ಬಾಟಲಿಗಳಲ್ಲೇ ಅರ್ಧಕ್ಕಿಂತ ಹೆಚ್ಚು ಕೆಲಸ ನಡೆಯುತ್ತದೆ. ಹತ್ತು ಪಟ್ಟಿನ ಕಣ್ಣುಮಸೂರ, 4, 10, 40 ಪಟ್ಟಿನ ಮೂರು ವಸ್ತುಮಸೂರಗಳಿರುವ ವಿದ್ಯಾರ್ಥಿ ಸೂಕ್ಷ್ಮದರ್ಶಕ ಕೆಲವು ಸಾವಿರ ರೂಪಾಯಿಗೆ ಸಿಗುತ್ತದೆ. ಎರಡು ಮೂರು ಮನೆಗಳು ಕೂಡಿ ಕೊಂಡರೆ ಯಾರಿಗೂ ಹೊರೆಯಾಗದು. ಸಾವಿರಾರು ಪಟ್ಟು ಹಿಗ್ಗಿಸುತ್ತದೆ ಎಂದು ಹೇಳಿ ಮಾರುವ ಆಟಿಕೆ ಸೂಕ್ಷ್ಮದರ್ಶಕಗಳನ್ನು ದೂರವಿಡುವುದು ಒಳ್ಳೆಯದು. ಹಿಗ್ಗುವುದು ಮಬ್ಬು ಮಾತ್ರ. ಅಷ್ಟು ಹಣ ಇಲ್ಲದವರಿಗೆ ಫೋಲ್ಡ್‌ಸ್ಕೋಪ್ ಇದೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಭಾರತ ಮೂಲದ ಮನು ಪ್ರಕಾಶ್ ಮತ್ತು ಜಿಮ್ ಸೈಬಲ್ಸ್ಕಿ ಸೇರಿ ರೂಪಿಸಿ 2014ರಲ್ಲಿ ಜಗತ್ತಿನ ಮುಂದಿಟ್ಟ ಈ ಕಾಗದದ ಸೂಕ್ಷ್ಮದರ್ಶಕದಲ್ಲಿ ಒಂದು ಸಣ್ಣ ಗೋಲಿ ಮಸೂರವೇ ಎಲ್ಲ ಕೆಲಸ ಮಾಡುತ್ತದೆ. ಸುಮಾರು 140 ಪಟ್ಟು ಹಿಗ್ಗಿಸುವ ಇದನ್ನು ಜೇಬಿನಲ್ಲಿಟ್ಟುಕೊಂಡು ಕೆರೆಯ ದಡಕ್ಕೂ ಹೋಗಬಹುದು.

ಸೂಕ್ಷ್ಮದರ್ಶಕ ಬಂದ ದಿನ ಮಾಡಬೇಕಾದ ಮೊದಲ ಕೆಲಸ ಅದರ ವೀಕ್ಷಣಾ ವೃತ್ತವನ್ನು ಅಳೆಯುವುದು. ಶಾಲೆಗಳಲ್ಲಿ ಇದನ್ನು ಬಿಟ್ಟೇಬಿಡುತ್ತಾರೆ. ಪಾರದರ್ಶಕ ಪ್ಲಾಸ್ಟಿಕ್ ಸ್ಕೇಲನ್ನು ಸ್ಲೈಡಿನ ಜಾಗದಲ್ಲಿಟ್ಟು 4 ಪಟ್ಟಿನ ಮಸೂರದಲ್ಲಿ ನೋಡಿದರೆ ಬೆಳಕಿನ ವೃತ್ತದ ಒಂದು ಅಂಚಿನಿಂದ ಇನ್ನೊಂದಕ್ಕೆ ಎಷ್ಟು ಮಿಲಿಮೀಟರ್ ಎಂಬುದು ನೇರವಾಗಿ ಕಾಣುತ್ತದೆ. ಸಾಮಾನ್ಯ ಸೂಕ್ಷ್ಮದರ್ಶಕದಲ್ಲಿ ಅದು 4.5 ಮಿ.ಮೀ. ಆಸುಪಾಸು. ಮಸೂರ 10 ಪಟ್ಟಿನದಾದರೆ 1.8, ಮತ್ತೆ 40 ಪಟ್ಟಿನದಾದರೆ 0.45 ಮಿ.ಮೀ. ಈ ಮೂರು ಅಂಕಿಗಳನ್ನು ಒಂದು ಚೀಟಿಯಲ್ಲಿ ಬರೆದು ಸೂಕ್ಷ್ಮದರ್ಶಕದ ಕಂಬಕ್ಕೆ ಅಂಟಿಸಿಬಿಟ್ಟರೆ, ಮುಂದೆ ಕಂಡದ್ದನ್ನೆಲ್ಲ ಅಳೆಯಬಹುದು.

ಈರುಳ್ಳಿಯ ಸಿಪ್ಪೆ ಎಲ್ಲರೂ ನೋಡುವಂಥದ್ದೇ, ಆದರೂ ಅದರಲ್ಲಿ ಕಲಿಯುವುದು ಬಹಳವಿದೆ. ಈರುಳ್ಳಿಯ ಒಂದು ದಪ್ಪ ಪದರವನ್ನು ಒಳಮುಖವಾಗಿ ಮುರಿದರೆ ಒಳಬದಿಯ ತೆಳು ಪೊರೆ ತಾನಾಗಿ ಬಿಟ್ಟುಕೊಳ್ಳುತ್ತದೆ. ಅದನ್ನು ಒಣಗಲು ಬಿಡದೆ ನೀರಿನಲ್ಲಿ ತೇಲಿಸಿ, ಉಗುರಗಲದ ತುಂಡು ಕತ್ತರಿಸಿ, ಸ್ಲೈಡಿನ ಮೇಲಿನ ನೀರಹನಿಯಲ್ಲಿ ಮಡಿಕೆಯಿಲ್ಲದಂತೆ ಹರಡಬೇಕು. ಕವರ್‌ಸ್ಲಿಪ್ಪನ್ನು ಮೇಲಿಂದ ಬೀಳಿಸಬಾರದು. ಒಂದು ಅಂಚನ್ನು ನೀರಿಗೆ ತಾಗಿಸಿ, ಇನ್ನೊಂದು ಅಂಚನ್ನು ಸೂಜಿಯಿಂದ ಹಿಡಿದು ನಿಧಾನವಾಗಿ ಇಳಿಸಬೇಕು. ಇಷ್ಟಾದರೂ ಮೊದಲ ಸ್ಲೈಡಿನಲ್ಲಿ ಕಾಣುವುದು ಗಾಳಿಗುಳ್ಳೆಗಳೇ. ದುಂಡಗಿದ್ದು, ದಟ್ಟ ಕಪ್ಪು ಅಂಚಿದ್ದು, ಒಳಗೆ ಏನೂ ಇಲ್ಲದಿದ್ದರೆ ಅದು ಗುಳ್ಳೆ. ಜೀವಕೋಶ ಉದ್ದುದ್ದ, ತೆಳುಗೋಡೆ, ಒಂದಕ್ಕೊಂದು ತಾಗಿಕೊಂಡಿರುತ್ತದೆ. ಪ್ರಯೋಗಾಲಯದಲ್ಲಿ ಸ್ಯಾಫ್ರನಿನ್ ಬಣ್ಣ ಹಾಕುತ್ತಾರೆ. ಅದಿಲ್ಲದಿದ್ದರೆ ಔಷಧಿ ಅಂಗಡಿಯ ಪೊವಿಡೋನ್ ಅಯೋಡಿನ್ನನ್ನು ನೀರಿನಲ್ಲಿ ತೆಳುಮಾಡಿ ಕವರ್‌ಸ್ಲಿಪ್ಪಿನ ಒಂದು ಬದಿಗೆ ಹನಿ ಹಾಕಿ, ಎದುರು ಬದಿಯಿಂದ ಒತ್ತುಕಾಗದದಲ್ಲಿ ಹೀರಿಸಿದರೆ ಸಾಕು, ಕೋಶಕೇಂದ್ರ ಹಳದಿಗಂದಾಗಿ ಎದ್ದು ಕಾಣುತ್ತದೆ. 10 ಪಟ್ಟಿನ ಮಸೂರದಲ್ಲಿ ವೃತ್ತದ ಉದ್ದಕ್ಕೆ ಆರು ಕೋಶ ಹಿಡಿಸಿದರೆ ಒಂದೊಂದೂ ಸುಮಾರು 0.3 ಮಿ.ಮೀ. ಜೀವಕೋಶ ಬಹಳ ಚಿಕ್ಕದು ಎಂಬ ಮಾತು ಹೀಗೆ ಒಂದು ಅಳತೆಯಾಗಿ ಮಾರ್ಪಡುತ್ತದೆ.

ಎಲೆಯ ಪತ್ರರಂಧ್ರ ನೋಡಲು ಉಗುರುಬಣ್ಣ ಸಾಕು. ದಾಸವಾಳದ್ದೋ ಮತ್ತೊಂದರದ್ದೋ ಎಲೆಯ ಕೆಳಬದಿಗೆ ಬಣ್ಣವಿಲ್ಲದ ಉಗುರುಬಣ್ಣ ತೆಳ್ಳಗೆ ಬಳಿದು, ಒಣಗಿದ ಮೇಲೆ ಸೆಲ್ಲೊ ಟೇಪಿನಲ್ಲಿ ಎತ್ತಿ ಸ್ಲೈಡಿಗೆ ಅಂಟಿಸಿದರೆ ಎಲೆಯ ಮೇಲ್ಮೈಯ ಅಚ್ಚು ಸಿಗುತ್ತದೆ. 40 ಪಟ್ಟಿನ ಮಸೂರದ ವೃತ್ತದ ವಿಸ್ತೀರ್ಣ ಸುಮಾರು 0.16 ಚದರ ಮಿ.ಮೀ. ಆದ್ದರಿಂದ ವೃತ್ತದಲ್ಲಿ ಎಣಿಸಿದ ರಂಧ್ರಗಳನ್ನು ಆರೂಕಾಲರಿಂದ ಗುಣಿಸಿದರೆ ಒಂದು ಚದರ ಮಿಲಿಮೀಟರಿನಲ್ಲಿ ಎಷ್ಟಿವೆ ಎಂಬುದು ತಿಳಿಯುತ್ತದೆ. ಮೇಲ್ಬದಿಯಲ್ಲಿ ಎಷ್ಟು, ಕೆಳಬದಿಯಲ್ಲಿ ಎಷ್ಟು, ಬಿಸಿಲಿನ ಗಿಡದಲ್ಲಿ ಎಷ್ಟು, ನೆರಳಿನದರಲ್ಲಿ ಎಷ್ಟು ಎಂದು ಹೋಲಿಸುತ್ತ ಹೋದರೆ ಒಂದು ತಿಂಗಳ ಕೆಲಸವಾದೀತು.

ಬೆಂಗಳೂರು, ಮೈಸೂರಿನ ತೋಟಗಳಲ್ಲಿ ದಾರಿಯ ಅಂಚಿಗೆ ನೆಡುವ ರೋಯಿಯೋ ಗಿಡದ ಎಲೆಯ ಕೆಳಬದಿ ನೇರಳೆ ಬಣ್ಣದ್ದು. ಅದರ ಸಿಪ್ಪೆಯನ್ನು ಉಪ್ಪುನೀರಿನಲ್ಲಿಟ್ಟು ನೋಡಿದರೆ ಕೋಶದೊಳಗಿನ ನೇರಳೆ ರಸ ಕುಗ್ಗಿ ಗೋಡೆಯಿಂದ ಸರಿಯುತ್ತದೆ. ಉಪ್ಪುನೀರನ್ನು ತೆಗೆದು ಬರಿ ನೀರು ಹಾಯಿಸಿದರೆ ಮತ್ತೆ ತುಂಬಿಕೊಳ್ಳುತ್ತದೆ. ಬಣ್ಣ ಹಾಕುವ ಕಷ್ಟವೇ ಇಲ್ಲ.

ನೀರು ಹೀಗೆ ಕೋಶದ ಪೊರೆ ದಾಟಿ ಒಳಹೊರಗೆ ಸಾಗುವ ಅಭಿಸರಣವನ್ನು ಲೆಕ್ಕದಲ್ಲಿ ಹಿಡಿಯಲು ಆಲೂಗಡ್ಡೆ ಬೇಕು. ಒಂದೇ ಅಳತೆಯ ಪಟ್ಟಿಗಳನ್ನು ಕತ್ತರಿಸಿ, ಒದ್ದೆ ಒರೆಸಿ, 0.1 ಗ್ರಾಂವರೆಗೆ ತೋರಿಸುವ ಸಣ್ಣ ಡಿಜಿಟಲ್ ತಕ್ಕಡಿಯಲ್ಲಿ ತೂಗಿ, ಬರಿ ನೀರು ಮತ್ತು ಶೇಕಡಾ 1, 2, 3, 5ರ ಉಪ್ಪುನೀರಿನಲ್ಲಿ ಒಂದು ಗಂಟೆ ಮುಳುಗಿಸಿಡಬೇಕು. ಮತ್ತೆ ತೂಗಿದಾಗ ಬರಿ ನೀರಿನದು ಭಾರವಾಗಿರುತ್ತದೆ, ಗಟ್ಟಿ ಉಪ್ಪುನೀರಿನದು ಹಗುರವಾಗಿ ಬಾಗುತ್ತದೆ. ತೂಕ ಶೇಕಡಾ ಎಷ್ಟು ಏರಿತು, ಎಷ್ಟು ಇಳಿಯಿತು ಎಂಬುದನ್ನು ಗ್ರಾಫ್ ಹಾಳೆಯಲ್ಲಿ ಗುರುತಿಸಿ ಗೆರೆ ಎಳೆದರೆ ಅದು ಸೊನ್ನೆಯನ್ನು ದಾಟುವ ಜಾಗವೇ ಆಲೂಗಡ್ಡೆಯ ಕೋಶರಸಕ್ಕೆ ಸರಿಸಮವಾದ ದ್ರಾವಣ. ಪ್ರತಿ ಲೋಟದಲ್ಲಿ ಒಂದೇ ಪಟ್ಟಿ ಇಟ್ಟರೆ ಗೆರೆ ವಕ್ರವಕ್ರವಾಗಿ ಬರುತ್ತದೆ, ಮೂರಿಟ್ಟು ಸರಾಸರಿ ತೆಗೆದರೆ ನೇರವಾಗುತ್ತದೆ. ಪ್ರಯೋಗವನ್ನು ಏಕೆ ಮತ್ತೆ ಮತ್ತೆ ಮಾಡಬೇಕು ಎಂಬುದಕ್ಕೆ ಬೇರೆ ವಿವರಣೆ ಬೇಕಾಗುವುದಿಲ್ಲ.

ಕಿಣ್ವದ ಪಾಠಕ್ಕೆ ಅಡುಗೆಮನೆಯ ಗಂಜಿಯ ತಿಳಿಯೇ ಸಾಕು. ಮೂರು ಲೋಟಗಳಲ್ಲಿ ಒಂದೇ ಅಳತೆಯ ಗಂಜಿತಿಳಿ ಹಾಕಿ, ಮೊದಲನೆಯದಕ್ಕೆ ನೀರು ಬೆರೆಸಿದ ಜೊಲ್ಲು, ಎರಡನೆಯದಕ್ಕೆ ಅದನ್ನೇ ಕುದಿಸಿ ಆರಿಸಿದ್ದು, ಮೂರನೆಯದಕ್ಕೆ ಅಷ್ಟೇ ನೀರು ಸೇರಿಸಬೇಕು. ಬಿಳಿ ಪಿಂಗಾಣಿ ತಟ್ಟೆಯ ಮೇಲೆ ತೆಳು ಅಯೋಡಿನ್ ಹನಿಗಳನ್ನು ಮೂರು ಸಾಲಾಗಿ ಇಟ್ಟುಕೊಂಡು, ನಿಮಿಷಕ್ಕೊಮ್ಮೆ ಪ್ರತಿ ಲೋಟದಿಂದ ಒಂದು ಹನಿ ತೆಗೆದು ಅದರ ಸಾಲಿನ ಮುಂದಿನ ಹನಿಗೆ ಬಿಡುತ್ತ ಹೋಗಬೇಕು. ಪಿಷ್ಟ ಇರುವವರೆಗೆ ಬಣ್ಣ ಕಡುನೀಲಿ. ಮೊದಲ ಸಾಲಿನಲ್ಲಿ ಅದು ಕ್ರಮೇಣ ಕಂದಾಗಿ, ಕೊನೆಗೆ ಅಯೋಡಿನ್ನಿನ ಸ್ವಂತ ಬಣ್ಣಕ್ಕೆ ತಿರುಗುತ್ತದೆ. ಉಳಿದೆರಡು ಸಾಲುಗಳು ನೀಲಿಯಾಗೇ ಉಳಿಯುತ್ತವೆ. ಮೂರನೆಯ ಲೋಟ ಇಲ್ಲದಿದ್ದರೆ ಪಿಷ್ಟ ತಾನಾಗಿಯೇ ಕರಗಿತೇನೋ ಎಂಬ ಅನುಮಾನ ಉಳಿಯುತ್ತಿತ್ತು, ಎರಡನೆಯದು ಇಲ್ಲದಿದ್ದರೆ ಕುದಿತ ಕಿಣ್ವವನ್ನು ಕೊಲ್ಲುತ್ತದೆ ಎಂಬುದು ಗೊತ್ತಾಗುತ್ತಿರಲಿಲ್ಲ. ಇದೇ ಪ್ರಯೋಗವನ್ನು ಫ್ರಿಜ್ಜಿನ ತಂಪಿನಲ್ಲಿ, ಕೋಣೆಯ ಶಾಖದಲ್ಲಿ, ಮೈಯ ಶಾಖವಾದ 37 ಡಿಗ್ರಿಯ ಬೆಚ್ಚನೆ ನೀರಿನಲ್ಲಿ ಮಾಡಿ ನೋಡಬಹುದು. ನಿಂಬೆರಸ ಹಿಂಡಿಯೂ ನೋಡಬಹುದು. ಅಂಕಗಳ ಲೆಕ್ಕದಲ್ಲಿ ಸಣ್ಣದೆನಿಸಿದರೂ, ಇಡೀ ಪಠ್ಯದಲ್ಲಿ ವೈಜ್ಞಾನಿಕ ವಿಧಾನವನ್ನು ಇಷ್ಟು ಚೊಕ್ಕವಾಗಿ ಕಲಿಸುವ ಪ್ರಯೋಗ ಇನ್ನೊಂದಿಲ್ಲ.

ಬಾಳೆಹಣ್ಣು, ಉಪ್ಪು, ಪಾತ್ರೆ ತೊಳೆಯುವ ದ್ರವ ಮತ್ತು ತಣ್ಣಗಿನ ಸರ್ಜಿಕಲ್ ಸ್ಪಿರಿಟ್‌ನಿಂದ ಡಿಎನ್‌ಎ ಬೇರ್ಪಡಿಸುವ ಪ್ರಯೋಗ ಈಗ ಬಹಳ ಜನಪ್ರಿಯ. ಬಿಳಿ ಎಳೆಗಳು ತೇಲಿಬರುವುದು ನಿಜಕ್ಕೂ ಸೊಗಸು. ಆದರೆ ಆ ಎಳೆಗಳಲ್ಲಿ ಡಿಎನ್‌ಎ ಜೊತೆಗೆ ಪ್ರೋಟೀನ್, ಪೆಕ್ಟಿನ್ ಕೂಡ ಇರುತ್ತವೆ ಎಂಬುದನ್ನು ರೆಕಾರ್ಡಿನಲ್ಲಿ ಬರೆಯಬೇಕು.

ಒಂದು ಮಧ್ಯಾಹ್ನದಲ್ಲಿ ಮುಗಿಯುವ ಪ್ರಯೋಗಗಳು ಇಷ್ಟು. ಮನೆಶಿಕ್ಷಣದ ನಿಜವಾದ ಬಲ ತಿಳಿಯುವುದು ವಾರಗಟ್ಟಲೆ ನಡೆಯುವ ಕೆಲಸಗಳಲ್ಲಿ. ಅವುಗಳಲ್ಲಿ ಒಂದಕ್ಕೆ ಹಿತ್ತಲಿನ ಕರಿಬೇವಿನ ಗಿಡವೇ ಸಾಕು. ಅದರ ಎಳೆ ಎಲೆಗಳ ಮೇಲೆ ಹಕ್ಕಿಯ ಹಿಕ್ಕೆಯಂತೆ ಕಾಣುವ ಕಂದುಬಿಳಿ ಹುಳುಗಳು ಆಗಾಗ ಇರುತ್ತವೆ. ಹೆಚ್ಚಿನವು ಕಾಮನ್ ಮಾರ್ಮನ್ ಚಿಟ್ಟೆಯ ಮರಿಗಳು, ಅಥವಾ ಅದರ ಹತ್ತಿರದ ಸಂಬಂಧಿ ನಿಂಬೆ ಚಿಟ್ಟೆಯವು. ಜಾಲರಿ ಮುಚ್ಚಿದ ಡಬ್ಬಿಯಲ್ಲಿಟ್ಟು ದಿನಾ ತಾಜಾ ಎಲೆ ಹಾಕಿದರೆ ಹುಳು ನಾಲ್ಕು ಸಲ ಪೊರೆ ಬಿಡುತ್ತದೆ. ಐದನೆಯ ಹಂತದಲ್ಲಿ ಹಿಕ್ಕೆಯ ವೇಷ ಹೋಗಿ ಮೈಯೆಲ್ಲ ಹಸಿರಾಗುತ್ತದೆ. ಹುಲ್ಲುಕಡ್ಡಿಯಿಂದ ಮೆಲ್ಲಗೆ ಮುಟ್ಟಿದರೆ ತಲೆಯ ಹಿಂದಿನಿಂದ ಕವಲೊಡೆದ ಕೆಂಪು ಕೊಂಬೊಂದು ಚಾಚಿಕೊಂಡು ಘಾಟು ವಾಸನೆ ಬೀರುತ್ತದೆ. ದಿನವೂ ಉದ್ದ ಅಳೆದು, ತಿಂದ ಎಲೆಗಳ ಲೆಕ್ಕವಿಟ್ಟು, ಕೋಶ ಕಟ್ಟಿದ ದಿನ, ಚಿಟ್ಟೆ ಹೊರಬಂದ ದಿನವನ್ನು ಬರೆದರೆ ಒಂದು ಸೊಗಸಾದ ಕಡತವಾಗುತ್ತದೆ.

ವಿಷಯ ಅಲ್ಲಿಗೇ ಮುಗಿಯುವುದಿಲ್ಲ. ಕಾಮನ್ ಮಾರ್ಮನ್ ಗಂಡುಗಳೆಲ್ಲ ಒಂದೇ ರೂಪದವು. ಹೆಣ್ಣುಗಳಲ್ಲಿ ಕೆಲವು ಗಂಡಿನಂತೆ ಕಂಡರೆ, ಕೆಲವು ಕಾಮನ್ ರೋಸ್ ಚಿಟ್ಟೆಯಂತೆ, ಇನ್ನು ಕೆಲವು ಕ್ರಿಮ್ಸನ್ ರೋಸ್ ಚಿಟ್ಟೆಯಂತೆ ಇರುತ್ತವೆ. ರೋಸ್ ಚಿಟ್ಟೆಗಳ ಮೈಯಲ್ಲಿ ವಿಷವಿರುವುದರಿಂದ ಹಕ್ಕಿಗಳು ಅವನ್ನು ಮುಟ್ಟುವುದಿಲ್ಲ, ಆ ವೇಷ ತೊಟ್ಟ ಮಾರ್ಮನ್ ಹೆಣ್ಣಿಗೂ ರಕ್ಷಣೆ ಸಿಗುತ್ತದೆ. ಬೇರೆ ಬೇರೆ ರೂಪದ ಇಂಥ ಹೆಣ್ಣುಗಳು ಒಂದೇ ಪ್ರಭೇದಕ್ಕೆ ಸೇರಿದವೆಂದು ನಿಸರ್ಗವಿಜ್ಞಾನಿ ಆಲ್‌ಫ್ರೆಡ್ ರಸೆಲ್ ವಾಲೇಸ್ 1865ರಲ್ಲೇ ವಿವರಿಸಿದ್ದ. ಈ ವೇಷಗಳನ್ನು ನಿರ್ಧರಿಸುವುದು ‘ಡಬಲ್‌ಸೆಕ್ಸ್’ ಎಂಬ ಒಂದೇ ಜೀನ್ ಎಂಬುದು 2014ರಲ್ಲಿ ಪ್ರಕಟವಾಯಿತು. ಆ ಸಂಶೋಧನೆಯನ್ನು ಮುನ್ನಡೆಸಿದ ಕೃಷ್ಣಮೇಘ ಕುಂಟೆ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ (ಎನ್‌ಸಿಬಿಎಸ್) ವಿಜ್ಞಾನಿ. ಸಾರಿಗೆ ಹಾಕುವ ಸೊಪ್ಪಿನ ಗಿಡದಿಂದ ಹೊರಟು ಅನುಕರಣೆ, ನೈಸರ್ಗಿಕ ಆಯ್ಕೆ, ಆನುವಂಶಿಕತೆ ಎಂಬ ಮೂರು ಅಧ್ಯಾಯಗಳನ್ನು ಮುಟ್ಟುವ ದಾರಿ ಇದು. ಡಬ್ಬಿಯಿಂದ ಹೊರಬಂದ ಹೆಣ್ಣುಗಳಲ್ಲಿ ಯಾವ ರೂಪದವು ಎಷ್ಟು ಎಂದು ಎಣಿಸುವ ಹದಿನಾರರ ಹುಡುಗಿ ವಾಲೇಸ್ ಕೇಳಿದ ಪ್ರಶ್ನೆಯನ್ನೇ ಕೇಳುತ್ತಿರುತ್ತಾಳೆ.

ಹಣ್ಣಿನ ನೊಣವೂ ಹೀಗೆಯೇ. ಕಳಿತ ಬಾಳೆಹಣ್ಣಿನ ತುಂಡನ್ನು ಬಾಟಲಿಯಲ್ಲಿಟ್ಟು, ಕಾಗದದ ಕೊಳವೆ ಸಿಕ್ಕಿಸಿದರೆ ಎರಡೇ ದಿನದಲ್ಲಿ ಡ್ರೊಸೊಫಿಲಾ ನೊಣಗಳು ಬಂದು ಸೇರುತ್ತವೆ. 25 ಡಿಗ್ರಿ ಶಾಖದಲ್ಲಿ ಮೊಟ್ಟೆಯಿಂದ ನೊಣವಾಗಲು ಹತ್ತು ದಿನದಷ್ಟು ಹಿಡಿಯುತ್ತದೆ, ಬಯಲುಸೀಮೆಯ ಹವೆ ಅದಕ್ಕೆ ಹೇಳಿಮಾಡಿಸಿದ್ದು. ಹೊಟ್ಟೆಯ ತುದಿ ಕಪ್ಪಗೆ ದುಂಡಗಿದ್ದರೆ ಗಂಡು, ಮೊನಚಾಗಿ ಪಟ್ಟೆಪಟ್ಟೆಯಾಗಿದ್ದರೆ ಹೆಣ್ಣು. ಇಷ್ಟನ್ನು ಕೈಮಸೂರದಲ್ಲೇ ಕಾಣಬಹುದು. 1910ರಲ್ಲಿ ತಳಿವಿಜ್ಞಾನಿ ಥಾಮಸ್ ಹಂಟ್ ಮಾರ್ಗನ್ ಬಿಳಿಕಣ್ಣಿನ ಒಂದು ನೊಣವನ್ನು ಗುರುತಿಸಿದ್ದರಿಂದ ಲಿಂಗಸಂಬಂಧಿ ಆನುವಂಶಿಕತೆಯ ಕತೆ ಆರಂಭವಾಯಿತು. ಅಂಥ ರೂಪಾಂತರಿ ತಳಿಗಳು ಬೀದಿಯಲ್ಲಿ ಸಿಗುವುದಿಲ್ಲ, ಅವಕ್ಕೆ ತಳಿಸಂಗ್ರಹ ಬೇಕು. ಮೈಸೂರಿನ ಮಾನಸಗಂಗೋತ್ರಿಯ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಡ್ರೊಸೊಫಿಲಾ ತಳಿಗಳ ಸಂಗ್ರಹ ಕೇಂದ್ರವೇ ಇದೆ. ಮುಂಬಯಿಯ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರ ನಡೆಸುವ ‘ಕ್ಯೂಬ್’ ಎಂಬ ಕಾರ್ಯಕ್ರಮದಲ್ಲಿ ವಿದ್ಯಾರ್ಥಿಗಳು ಹಣ್ಣಿನ ನೊಣ, ಎರೆಹುಳು, ಬಸವನಹುಳುಗಳಂಥ ಸರಳ ಜೀವಿಗಳನ್ನು ಮನೆಯಲ್ಲೇ ಸಾಕಿ, ತಮ್ಮದೇ ಪ್ರಶ್ನೆಗಳಿಗೆ ಉತ್ತರ ಹುಡುಕುತ್ತಾರೆ.

ಪರಿಸರ ವಿಜ್ಞಾನದ ಪ್ರಯೋಗಕ್ಕೆ ಹಗ್ಗ ಮತ್ತು ನಾಲ್ಕು ಗೂಟ ಸಾಕು. ಪಕ್ಕದ ಖಾಲಿ ಸೈಟಿನಲ್ಲಿ ಒಂದು ಮೀಟರ್ ಚೌಕಗಳನ್ನು ಹತ್ತು ಕಡೆ ಹಾಕಿ, ಯಾವ ಗಿಡ ಎಷ್ಟಿದೆ ಎಂದು ಎಣಿಸಿ, ಒಟ್ಟು ಸಂಖ್ಯೆಯನ್ನು ಚೌಕಗಳ ಸಂಖ್ಯೆಯಿಂದ ಭಾಗಿಸಿದರೆ ಸಾಂದ್ರತೆ ಸಿಗುತ್ತದೆ. ಗಿಡ ಹೆಚ್ಚಿರುವ ಕಡೆಗೇ ಕಾಲು ಹೋಗುವುದು ಸಹಜ. ಆದ್ದರಿಂದ ಚೌಕ ಎಲ್ಲಿ ಹಾಕಬೇಕೆಂಬುದನ್ನು ಚೀಟಿ ಎತ್ತಿ ನಿರ್ಧರಿಸಬೇಕು. ಕಾಂಗ್ರೆಸ್ ಗಿಡ ಇದ್ದರೆ ಕೈಗವಸು ಹಾಕಿಕೊಳ್ಳಬೇಕು, ಅದು ಚರ್ಮಕ್ಕೆ ತುರಿಕೆ ತರುತ್ತದೆ. ಮರಗಳ ಮೇಲೆ ಒಲವಿರುವವರು ‘ಸೀಸನ್‌ವಾಚ್’ ಯೋಜನೆಗೆ ಸೇರಿ ಮನೆ ಹತ್ತಿರದ ಮಾವು, ಹಲಸು, ಹುಣಸೆ, ಹೊಂಗೆ ಅಥವಾ ಕಕ್ಕೆ ಮರವನ್ನು ವಾರಕ್ಕೊಮ್ಮೆ ನೋಡಿ ಚಿಗುರು, ಹೂ, ಕಾಯಿಗಳ ವಿವರ ಕಳಿಸಬಹುದು. ಆ ಮಾಹಿತಿ ಋತುಗಳ ಬದಲಾವಣೆಯನ್ನು ಅಭ್ಯಸಿಸುವವರಿಗೆ ಒದಗುತ್ತದೆ.

ಪ್ರಾಣಿಗಳನ್ನು ಕೊಯ್ಯುವ ವಿಚಾರದಲ್ಲಿ ಕಾಲ ಬದಲಾಗಿದೆ. ಒಂದು ಕಾಲದಲ್ಲಿ ಕಪ್ಪೆ ಕೊಯ್ಯದೆ ಜೀವಶಾಸ್ತ್ರದ ಪಿಯುಸಿ ಮುಗಿಯುತ್ತಿರಲಿಲ್ಲ. ಕಪ್ಪೆಗಳ ಸಂಖ್ಯೆ ಕುಸಿಯುತ್ತಿರುವುದನ್ನು ಕಂಡು ಭಾರತ 1987ರಲ್ಲಿ ಕಪ್ಪೆಕಾಲಿನ ರಫ್ತನ್ನು ನಿಲ್ಲಿಸಿತು. 2014ರಲ್ಲಿ ಯುಜಿಸಿ ಪದವಿ ಹಂತದ ಪ್ರಾಣಿಶಾಸ್ತ್ರದಲ್ಲೂ ಪ್ರಾಣಿಗಳ ಛೇದನವನ್ನು ಕೈಬಿಡುವಂತೆ ಹೇಳಿತು. ಹಾಗಾಗಿ ಮನೆಯಲ್ಲಿ ಇದಕ್ಕಾಗಿ ಪ್ರಾಣಿಯನ್ನು ಹಿಡಿಯುವ, ಕೊಲ್ಲುವ ಪ್ರಶ್ನೆಯೇ ಇಲ್ಲ. ಮೀನು ತಿನ್ನುವ ಮನೆಗಳಲ್ಲಿ ಬಂಗುಡೆ ಹೆಚ್ಚುವಾಗ ಕಿವಿರಿನ ಎಸಳು, ಎರಡು ಕೋಣೆಯ ಪುಟ್ಟ ಹೃದಯ ಎರಡನ್ನೂ ತೋರಿಸಬಹುದು. ಸಸ್ಯಾಹಾರಿಗಳಿಗೆ ದಾಸವಾಳದ ಹೂವಿದೆ. ಕೇಸರಗಳೆಲ್ಲ ಕೂಡಿ ಕೊಳವೆಯಾಗಿ ಶಲಾಕೆಯನ್ನು ಸುತ್ತಿಕೊಂಡಿರುವುದನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿ ನೋಡಬಹುದು. ಅಂಡಾಶಯವನ್ನು ಅಡ್ಡಕ್ಕೆ ಕೊಯ್ದರೆ ಐದು ಕೋಣೆಗಳೂ ನಡುವಿನ ಅಕ್ಷಕ್ಕೆ ಅಂಟಿದ ಅಂಡಕಗಳೂ ಕಾಣುತ್ತವೆ.

ಮನೆಯಲ್ಲಿ ಮಾಡಬಾರದ್ದೂ ಇದೆ. ಮೈಯಿಂದಲೋ ಶೌಚಾಲಯದಿಂದಲೋ ತೆಗೆದ ಬ್ಯಾಕ್ಟೀರಿಯಾಗಳನ್ನು ಬೆಳೆಸುವುದು ಅಂಥದ್ದು. ಯಾವ ಅಪಾಯಕಾರಿ ತಳಿ ಸಾವಿರಪಟ್ಟು ಹೆಚ್ಚಿತೆಂದು ಹೇಳಲಾಗದು. ಮೊಸರಿನ ಲ್ಯಾಕ್ಟೊಬ್ಯಾಸಿಲಸ್, ದೋಸೆ ಹಿಟ್ಟಿನ ಹುಳಿ, ಯೀಸ್ಟ್ ಇವುಗಳಿಂದಲೇ ಸೂಕ್ಷ್ಮಜೀವಿಗಳ ಪಾಠ ಚೆನ್ನಾಗಿ ಆಗುತ್ತದೆ. ಬ್ರೆಡ್ಡಿನ ಬೂಷ್ಟನ್ನು ಮುಚ್ಚಿದ ಪಾರದರ್ಶಕ ಡಬ್ಬಿಯಲ್ಲೇ ನೋಡಿ, ಬಿಚ್ಚದೆ ಎಸೆಯಬೇಕು. ಉಪಕರಣಗಳನ್ನು ಸೋಂಕುರಹಿತ ಮಾಡಲು ಪ್ರೆಶರ್ ಕುಕ್ಕರ್ ಸಾಕು. ಚದರ ಅಂಗುಲಕ್ಕೆ 15 ಪೌಂಡ್ ಒತ್ತಡದಲ್ಲಿ ಒಳಗಿನ ಹಬೆ ಸುಮಾರು 121 ಡಿಗ್ರಿಗೆ ಏರುತ್ತದೆ, ಇಪ್ಪತ್ತು ನಿಮಿಷ ಹಾಗೆ ಇಡಬೇಕು. ಎಲೆಯ ಹಸಿರನ್ನು ತೆಗೆಯಲು ಸ್ಪಿರಿಟ್ಟಿನಲ್ಲಿ ಕುದಿಸುವ ಪ್ರಯೋಗವೇ ಅತಿ ಹೆಚ್ಚು ಎಚ್ಚರ ಬೇಡುವಂಥದ್ದು. ಸ್ಪಿರಿಟ್ಟಿನ ಪಾತ್ರೆಯನ್ನು ಎಂದೂ ಉರಿಯ ಮೇಲಿಡಕೂಡದು. ನೀರು ಕುದಿಸಿ, ಒಲೆ ಆರಿಸಿ, ಆ ಬಿಸಿನೀರಿನಲ್ಲಿ ಸ್ಪಿರಿಟ್ಟಿನ ಲೋಟ ಇಡಬೇಕು, ಪಕ್ಕದಲ್ಲಿ ದೊಡ್ಡವರೊಬ್ಬರು ಇರಬೇಕು. ರಕ್ತದ ಗುಂಪಿನ ಪ್ರಯೋಗವನ್ನು ಲ್ಯಾಬ್ ತಂತ್ರಜ್ಞರ ಬಳಿಯೇ ಮಾಡಿಸುವುದು ಸರಿ.

ಮನೆಯಲ್ಲಿ ಆಗದಂಥವು ಇನ್ನು ಕೆಲವು. ಈರುಳ್ಳಿ ಬೇರಿನ ತುದಿಯಲ್ಲಿ ಕೋಶವಿಭಜನೆ ನೋಡಬೇಕಾದರೆ ಬೇರನ್ನು ಬೆಳಗಿನ ಹೊತ್ತು ಕತ್ತರಿಸಿ, ಅಸಿಟಿಕ್ ಆಮ್ಲ ಮತ್ತು ಆಲ್ಕೊಹಾಲಿನ ಮಿಶ್ರಣದಲ್ಲಿ ಒಂದು ದಿನ ಇಟ್ಟು, ಹೈಡ್ರೊಕ್ಲೋರಿಕ್ ಆಮ್ಲದಲ್ಲಿ ಮೆದು ಮಾಡಿ, ಅಸಿಟೊಕಾರ್ಮಿನ್ ಬಣ್ಣ ಕೊಟ್ಟು, ಹೆಬ್ಬೆರಳಿನಿಂದ ಸಮವಾಗಿ ಒತ್ತಿ ಹರಡಬೇಕು. ರಾಸಾಯನಿಕಗಳೂ ಬೇಕು, ಅದಕ್ಕಿಂತ ಮುಖ್ಯವಾಗಿ ನೂರಾರು ಸ್ಲೈಡ್ ಮಾಡಿದ ಒಬ್ಬರ ಕೈ ಹತ್ತಿರದಿಂದ ನೋಡಲು ಸಿಗಬೇಕು. ಎಷ್ಟು ಒತ್ತಿದರೆ ಕೋಶಗಳು ಒಂದೇ ಪದರವಾಗುತ್ತವೆ, ಎಷ್ಟಕ್ಕೆ ನುಚ್ಚಾಗುತ್ತವೆ ಎಂಬುದನ್ನು ಪುಸ್ತಕದಲ್ಲಿ ಬರೆಯಲಾಗದು. ಇಂಥವಕ್ಕೆ ಅಧ್ಯಯನ ಕೇಂದ್ರದ ಸಂಪರ್ಕ ತರಗತಿಗಳನ್ನು ತಪ್ಪಿಸದೆ ಬಳಸಿಕೊಳ್ಳಬೇಕು. ಅಲ್ಲಿ ಕೊರತೆಯಿದ್ದರೆ ನಾಲ್ಕಾರು ಕುಟುಂಬಗಳು ಒಟ್ಟಾಗಿ ಊರಿನ ಡಿಗ್ರಿ ಕಾಲೇಜಿನ ಪ್ರಾಂಶುಪಾಲರನ್ನು ಕಂಡು, ರಜೆಯಲ್ಲಿ ಕೆಲವು ದಿನ ಲ್ಯಾಬ್ ಬಳಸಲು ಅನುಮತಿ ಕೇಳಬಹುದು. ಅಮೃತ ವಿಶ್ವವಿದ್ಯಾಪೀಠ ಮತ್ತು ಸಿ–ಡ್ಯಾಕ್ ರೂಪಿಸಿದ ‘ಓಲ್ಯಾಬ್ಸ್’ನಲ್ಲಿ 9ರಿಂದ 12ನೆಯ ತರಗತಿಯ ಪ್ರಯೋಗಗಳನ್ನು ಕಂಪ್ಯೂಟರ್ ಪರದೆಯ ಮೇಲೆ ಮಾಡಬಹುದು. ಹೋಗುವ ಮುನ್ನ ಕ್ರಮ ತಿಳಿದುಕೊಳ್ಳಲು ಅದು ಒಳ್ಳೆಯದು, ಕೈಯ ಕೆಲಸದ ಜಾಗಕ್ಕೆ ಅದು ಬಾರದು.

ಕೊನೆಗೆ ರೆಕಾರ್ಡ್ ಬುಕ್. ಪರೀಕ್ಷಕರ ಮುಂದೆ ಇಡುವುದು ಇದನ್ನೇ. ಹೆಚ್ಚಿನವರು ಇದನ್ನು ಕೊನೆಯಲ್ಲಿ ಒಟ್ಟಿಗೆ ಬರೆಯುತ್ತಾರೆ, ಮನೆಯಲ್ಲಿ ಓದುವವರು ಹಾಗೆ ಮಾಡಲು ಕಾರಣವೇ ಇಲ್ಲ. ಪ್ರಯೋಗ ನಡೆಯುವಾಗಲೇ ತುಂಬುವ ಒಂದು ಒರಟು ಪುಸ್ತಕ, ಅದರಿಂದ ಚೊಕ್ಕವಾಗಿ ಬರೆದ ಇನ್ನೊಂದು ಇರಬೇಕು. ಚಿತ್ರ ಪೆನ್ಸಿಲಿನಲ್ಲಿ, ಒಂದೇ ಗೆರೆಯಲ್ಲಿ, ನೆರಳು ತುಂಬದೆ ಬರೆಯಬೇಕು. ಪಕ್ಕದಲ್ಲಿ ಎಷ್ಟು ಪಟ್ಟು ಹಿಗ್ಗಿಸಿದ್ದು ಎಂದು ನಮೂದಿಸಬೇಕು. ಪುಸ್ತಕದಲ್ಲಿದ್ದು ಸ್ಲೈಡಿನಲ್ಲಿ ಕಾಣದ್ದನ್ನು ಬರೆಯಬಾರದು. ಆಲೂಗಡ್ಡೆಯ ಗೆರೆ ಸೊಟ್ಟಗೆ ಬಂದಿದ್ದರೆ ಸೊಟ್ಟಗೇ ಇಟ್ಟು ಕಾರಣ ಊಹಿಸಿ ಬರೆಯಬೇಕು. ಪ್ರಾಯೋಗಿಕ ಪರೀಕ್ಷೆಯ ದಿನ ಪ್ರಯೋಗ ಮಾಡಿ ತೋರಿಸುವುದು, ಸ್ಲೈಡ್ ಮತ್ತು ಮಾದರಿಗಳನ್ನು ಗುರುತಿಸುವುದು, ರೆಕಾರ್ಡು, ಮೌಖಿಕ ಪ್ರಶ್ನೆ ಇವಿಷ್ಟೂ ಇರುತ್ತವೆ. ಮೌಖಿಕದಲ್ಲಿ ಪರೀಕ್ಷಕರು ಸಾಮಾನ್ಯವಾಗಿ ರೆಕಾರ್ಡಿನ ಒಂದು ಪುಟ ತೆರೆದು, ಇದನ್ನು ಹೇಗೆ ಮಾಡಿದೆ, ಈ ಲೋಟ ಏಕೆ ಇಟ್ಟೆ, ಕುದಿಸದಿದ್ದರೆ ಏನಾಗುತ್ತಿತ್ತು ಎಂದು ಕೇಳುತ್ತಾರೆ. ಮೂರು ಲೋಟಗಳನ್ನು ತಾನೇ ಜೋಡಿಸಿ, ತಟ್ಟೆಯ ಮೇಲೆ ಬಣ್ಣ ಬದಲಾಗುವುದನ್ನು ನಿಮಿಷ ನಿಮಿಷಕ್ಕೂ ನೋಡಿದ ವಿದ್ಯಾರ್ಥಿಗೆ ಈ ಪ್ರಶ್ನೆಗಳಿಗೆ ಉತ್ತರ ಕೊಡಲು ಬಾಯಿಪಾಠ ಬೇಕಾಗುವುದಿಲ್ಲ.